ಕೆಮಿಸ್ಟ್ರಿ ಓದೋರಿಗೆ ಫಿಸಿಕ್ಸ್ ಎಂತಕ್ಕೆ? ಸೋಂದಾದ ತೋಟದಲ್ಲಿ ಸಿಕ್ಕ ಉತ್ತರ

ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿಯನ್ನು ಇಷ್ಟಪಟ್ಟು ಆರಿಸಿಕೊಂಡವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳೋದು ಒಂದೇ ಮಾತು: "ಕೆಮಿಸ್ಟ್ರಿ ಅಡ್ಡಿಲ್ಲ, ಆ ಫಿಸಿಕ್ಸ್ ಒಂದು ಇಲ್ಲದೇ ಇದ್ದಿದ್ರೆ ಆರಾಮಿತ್ತು." ಡಿಗ್ರಿ ಮುಗಿದು ಕೆಲಸಕ್ಕೆ ಸೇರಿದ ಮೇಲೂ ಈ ಮಾತು ಹಾಗೇ ಉಳಿದಿರ್ತದೆ. ಫಿಸಿಕ್ಸ್ ಅಂದ್ರೆ ಹೇಗೋ ದಾಟಿ ಬಂದ ಹೊಳೆ. ತಿರುಗಿ ನೋಡೋ ಆಸೆ ಯಾರಿಗೂ ಇರೋದಿಲ್ಲ.

ನಾನೀಗ ಬೆಂಗಳೂರಿನ ಒಂದು ಔಷಧ ಕಂಪನಿಯ ಪರೀಕ್ಷಾ ವಿಭಾಗದಲ್ಲಿದ್ದೇನೆ. ಮಾತ್ರೆಯೊಳಗೆ ಇರಬೇಕಾದ್ದು ಇದೆಯಾ, ಇರಬಾರದ್ದು ಇಲ್ಲವಾ ಅಂತ ದಿನವಿಡೀ ನೋಡೋದು ನನ್ನ ಕೆಲಸ. ಹೆಸರಿಗೆ ಕೆಮಿಸ್ಟ್. ಆದರೆ ಮುಂದಿರುವ ಯಂತ್ರಗಳನ್ನು ಅರ್ಥ ಮಾಡಿಕೊಳ್ಳೋದಕ್ಕೆ ದಿನಾ ಬಳಸೋದು ಡಿಗ್ರಿಯ ಮೊದಲ ವರ್ಷದ ಫಿಸಿಕ್ಸನ್ನೇ. ಆ ಫಿಸಿಕ್ಸ್ ನನಗೆ ತಲೆಗೆ ಹತ್ತಿದ್ದು ಕ್ಲಾಸಿನಲ್ಲಿ ಕಡಿಮೆ, ಸೋಂದಾದ ನಮ್ಮ ಅಡಿಕೆ ತೋಟದಲ್ಲಿ ಜಾಸ್ತಿ.

ಒಂದು ಪೇಪರ್, ಒಂದು ಡಿಗ್ರಿ

ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಸೋಂದಾ ಹೊರಗಿನವರಿಗೆ ಗೊತ್ತಿರೋದು ಮಠಗಳಿಂದ. ವಾದಿರಾಜ ಮಠ, ಸ್ವರ್ಣವಲ್ಲಿ, ಜೈನ ಮಠ, ಸೋದೆ ಅರಸರ ಕೋಟೆ. ಪಕ್ಷಿ ನೋಡೋರಿಗೆ ಮುಂಡಿಗೆಕೆರೆಯೂ ಗೊತ್ತು. ನಮಗೆ ಮಾತ್ರ ಸೋಂದಾ ಅಂದ್ರೆ ತೋಟ, ಮಳೆ, ಶಿರಸಿಗೆ ಹೋಗುವ ಬಸ್ಸು.

ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಡಿಗ್ರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಗೊಂಡೆ. ಮನಸ್ಸಿದ್ದದ್ದು ಕೆಮಿಸ್ಟ್ರಿಯಲ್ಲಿ, ಗುರಿ ಇದ್ದದ್ದು ಧಾರವಾಡದ ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಇಂಟರ್ನಲ್ ಟೆಸ್ಟಿನಲ್ಲಿ ಫಿಸಿಕ್ಸ್ ಅಂಕ ನೋಡಿ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಲೆಕ್ಕ ಸರಳ: ಕೆಮಿಸ್ಟ್ರಿಯಲ್ಲಿ ಎಷ್ಟೇ ಅಂಕ ಬರಲಿ, ಫಿಸಿಕ್ಸ್ ಪೇಪರ್ ಉಳಿದರೆ ಡಿಗ್ರಿ ಮುಗಿಯೋದಿಲ್ಲ. ಡಿಗ್ರಿ ಮುಗಿಯದೆ ಎಂ.ಎಸ್ಸಿ. ಇಲ್ಲ.

ಅಪ್ಪಯ್ಯ ಬೈಯಲಿಲ್ಲ. "ತಂಗೀ, ಈ ವರ್ಷ ನೋಡು. ಆಗ್ತಿಲ್ಲೆ ಹೇಳಿ ಆದ್ರೆ ಬೇರೆ ಎಂತಾದ್ರೂ ನೋಡನ," ಅಂದ. ಆ 'ಬೇರೆ ಎಂತಾದ್ರೂ' ಅನ್ನೋದರಲ್ಲಿ ಏನೇನಿದೆ ಅಂತ ಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಸಾಲ ತಂದ ಶಬ್ದಗಳು

ದಾರಿ ತೋರಿಸಿದ್ದು ನನ್ನದೇ ಕೆಮಿಸ್ಟ್ರಿ ನೋಟ್ಸು. ಒಂದು ರಾತ್ರಿ ಪುಟ ತಿರುಗಿಸುತ್ತಾ ಪದೇ ಪದೇ ಬರುವ ಶಬ್ದಗಳನ್ನು ಪಟ್ಟಿ ಮಾಡಿದೆ. ಒತ್ತಡ, ಶಕ್ತಿ, ವೋಲ್ಟೇಜ್, ಆವೇಶ, ತರಂಗಾಂತರ, ಡೈಪೋಲ್ ಮೊಮೆಂಟ್, ಸ್ಪಿನ್. ಇವೆಲ್ಲ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ನಾನು ಸಲೀಸಾಗಿ ಬರೆಯುತ್ತಿದ್ದ ಶಬ್ದಗಳು. ಇವುಗಳಲ್ಲಿ ಒಂದರ ಅರ್ಥವನ್ನೂ ಕೆಮಿಸ್ಟ್ರಿ ಪುಸ್ತಕ ಮೊದಲಿಂದ ಹೇಳಿಕೊಟ್ಟಿರಲಿಲ್ಲ. ಎಲ್ಲವೂ ಫಿಸಿಕ್ಸಿನಿಂದ ಕಡ ತಂದದ್ದು.

ಹಾಗಾಗಿ ನನಗೆ ಬೇಕಿದ್ದದ್ದು ಹೊಸ ವಿಷಯ ಕಲಿಯೋದಲ್ಲ, ನಾನು ಆಗಲೇ ಬಳಸುತ್ತಿದ್ದ ಶಬ್ದಗಳ ಮೂಲಕ್ಕೆ ಹೋಗೋದು. ಆ ಮಳೆಗಾಲದಲ್ಲಿ ಅವು ಒಂದೊಂದಾಗಿ ತೋಟದಲ್ಲೇ ಸಿಕ್ಕವು.

ಕತ್ತಿಯ ಮೇಲೆ ಕೂತ ತಾಮ್ರ

ಅಡಿಕೆ ಬೆಳೆಯೋರಿಗೆಲ್ಲ ಬೋರ್ಡೋ ದ್ರಾವಣ ಗೊತ್ತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದ ಮದ್ದು ಇದು. ಕೆನಡಾದಿಂದ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಬರೆದರು. ಆ ರೋಗಕ್ಕೆ ಇದೇ ಮದ್ದನ್ನು ಬಳಕೆಗೆ ತಂದವರಲ್ಲಿ ಅವರೇ ಪ್ರಮುಖರು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ.

ದ್ರಾವಣ ಸರಿಯಾಯ್ತಾ ಅಂತ ನೋಡೋಕೆ ಹಳೆಯ ಉಪಾಯವೊಂದಿದೆ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತರ್ಥ. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಎಳೆ ಮಿಳ್ಳೆಯನ್ನು ಸುಡುತ್ತದೆ. ಅಪ್ಪಯ್ಯ ಇದನ್ನು ತನ್ನ ಅಪ್ಪನಿಂದ ಕಲಿತಿದ್ದ.

ಕೆಮಿಸ್ಟ್ರಿ ವಿದ್ಯಾರ್ಥಿಯಾಗಿ ಇದನ್ನು ಬರೆಯೋದು ಸುಲಭ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗೆ ಇಳಿಯುತ್ತದೆ, ತಾಮ್ರದ ಅಯಾನು ಅದನ್ನು ತಗೊಂಡು ಲೋಹವಾಗಿ ಕೂರುತ್ತದೆ. ಪ್ರಮಾಣಿತ ವಿಭವ ತಾಮ್ರಕ್ಕೆ 0.34 ವೋಲ್ಟ್, ಕಬ್ಬಿಣಕ್ಕೆ ಮೈನಸ್ 0.44. ವ್ಯತ್ಯಾಸ 0.78 ವೋಲ್ಟ್. ಪೂರ್ತಿ ಅಂಕ!

ಆದರೆ ವೋಲ್ಟ್ ಅಂದ್ರೆ ಏನು? ಫಿಸಿಕ್ಸ್ ಹೇಳೋದು ಇಷ್ಟೇ: ಒಂದು ಕೂಲಂಬ್ ಆವೇಶ ದಾಟಿದಾಗ ಸಿಗುವ ಜೂಲ್‌ಗಳು. ಒಂದು ಮೋಲ್ ಎಲೆಕ್ಟ್ರಾನ್ ಅಂದ್ರೆ 96,485 ಕೂಲಂಬ್. ಎರಡು ಮೋಲ್ ಎಲೆಕ್ಟ್ರಾನ್ 0.78 ವೋಲ್ಟ್ ದಾಟಿದರೆ ಸುಮಾರು 150 ಕಿಲೋಜೂಲ್. ಕೆಮಿಸ್ಟ್ರಿಯಲ್ಲಿ ನಾವು ಬಾಯಿಪಾಠ ಮಾಡುವ ಗಿಬ್ಸ್ ಶಕ್ತಿಯ ಸೂತ್ರ ಇದೇ. ಆವೇಶ ಗುಣಿಸು ವೋಲ್ಟೇಜ್, ಬೇರೇನೂ ಇಲ್ಲ.

ಈ 150 ಕಿಲೋಜೂಲ್ ಎಷ್ಟು ದೊಡ್ಡದು? ಒಂದು ಟನ್ ನೀರನ್ನು 15 ಮೀಟರ್ ಎತ್ತರದ ಅಡಿಕೆ ಮರದ ತುದಿಗೆ ಏರಿಸಲು ಬೇಕಾದದ್ದು 147 ಕಿಲೋಜೂಲ್. ಅಂದರೆ ಒಂದು ಮೋಲ್, ಬರೀ 63.5 ಗ್ರಾಂ ತಾಮ್ರ ಕಬ್ಬಿಣದ ಮೇಲೆ ಕೂರುವಾಗ ಹೆಚ್ಚೆಂದರೆ ಅಷ್ಟು ಕೆಲಸ ತೆಗೆಯಬಹುದು. ಕತ್ತಿಯಲ್ಲಿ ಅದು ಬಿಸಿಯಾಗಿ ವ್ಯರ್ಥ. ಅದನ್ನೇ ಬೇರೆ ಬೇರೆ ಪಾತ್ರೆಯಲ್ಲಿಟ್ಟು ತಂತಿ ಹಾಯಿಸಿದರೆ ಬ್ಯಾಟರಿ. ಈ ಲೆಕ್ಕ ಮಾಡಿ ತೋರಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಇದೆಲ್ಲ ನಿನ್ನ ಪುಸ್ತಕದಲ್ಲಿ ಇಲ್ಯ?" ಇತ್ತು. ಎರಡು ಬೇರೆ ಬೇರೆ ಪುಸ್ತಕದಲ್ಲಿ ಅರ್ಧರ್ಧ ಇತ್ತು.

ಗುಡ್ಡದ ನೀರು, ಲ್ಯಾಬಿನ ಪಂಪು

ನಮ್ಮ ಕಡೆ ಎಷ್ಟೋ ಮನೆಗಳಿಗೆ ಇವತ್ತಿಗೂ ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರ್ತದೆ. ಮೋಟಾರು ಬೇಡ, ಕರೆಂಟು ಬೇಡ. ಒತ್ತಡ ಎಲ್ಲಿಂದ ಬಂತು? ಎತ್ತರದಿಂದ. ನೀರಿನ ಸಾಂದ್ರತೆ, ಗುರುತ್ವ, ಎತ್ತರ ಈ ಮೂರನ್ನು ಗುಣಿಸಿದರೆ ಒತ್ತಡ. 10 ಮೀಟರ್ ಎತ್ತರಕ್ಕೆ 98,000 ಪಾಸ್ಕಲ್, ಹೆಚ್ಚುಕಡಿಮೆ ಒಂದು ವಾತಾವರಣದ ಒತ್ತಡ.

ಈ ಒಂದು ಅಂಕಿ ನೆನಪಿದ್ದರೆ ಸಾಕು, ತುಂಬ ಲೆಕ್ಕ ಬಾಯಲ್ಲೇ ಆಗ್ತದೆ. 15 ಮೀಟರ್ ಮರಕ್ಕೆ ಮದ್ದು ಏರಿಸಲು ಪಂಪಿನ ಒಂದೂವರೆ ವಾತಾವರಣ ಬರೀ ಎತ್ತರಕ್ಕೇ ಹೋಯ್ತು. ಪೈಪಿನ ಘರ್ಷಣೆ, ನಾಝಲ್ ತುದಿಯ ಚಿಮ್ಮು, ಎಲ್ಲ ಆಮೇಲಿನ ಖರ್ಚು.

ಈಗ ನಾನು ಕೂರುವ ಜಾಗಕ್ಕೆ ಬನ್ನಿ. ಔಷಧ ಪರೀಕ್ಷೆಯಲ್ಲಿ ಹೆಚ್ಚು ಬಳಸುವ ಯಂತ್ರ ಎಚ್‌ಪಿಎಲ್‌ಸಿ. ಸಣ್ಣ ಪುಡಿ ಒತ್ತಿ ತುಂಬಿದ ಕೊಳವೆಯ ಮೂಲಕ ದ್ರಾವಣವನ್ನು ತಳ್ಳಿ, ಅದರೊಳಗಿನ ರಾಸಾಯನಿಕಗಳನ್ನು ಬೇರ್ಪಡಿಸುತ್ತದೆ. ಪರದೆಯ ಮೇಲೆ 200 ಬಾರ್ ಒತ್ತಡ ಅಂತ ಕಂಡರೆ ನನಗೆ ಕಾಣೋದು ಎರಡು ಕಿಲೋಮೀಟರ್ ಎತ್ತರದ ನೀರಿನ ಕಂಬ. ಒತ್ತಡ ಮೇಲೆ ಕೆಳಗೆ ಕುಣಿದರೆ ಪಂಪಿನೊಳಗೆ ಗಾಳಿ ಗುಳ್ಳೆ ಸೇರಿರಬಹುದು. ಯಾಕೆಂದರೆ ಗಾಳಿ ಕುಗ್ಗುತ್ತದೆ, ದ್ರವ ಅಷ್ಟು ಸುಲಭಕ್ಕೆ ಕುಗ್ಗೋದಿಲ್ಲ. ಒತ್ತಡ ನಿಧಾನವಾಗಿ ಏರುತ್ತಾ ಹೋದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ. ಮನೆಯ ಪೈಪಿಗೆ ಎಲೆ ಸಿಕ್ಕಿದಾಗ ಆಗೋದೂ ಇದೇ ತರದ್ದು.

ಅನಿಲದ ಪಾಠವೂ ಹೀಗೇ. ಒತ್ತಡ, ಗಾತ್ರ, ಉಷ್ಣತೆಯ ಸೂತ್ರ ಎಲ್ಲರಿಗೂ ಬಾಯಿಪಾಠ. ಅದರ ಹಿಂದಿರೋದು ಗೋಡೆಗೆ ಚೆಂಡು ಬಡಿಯುವ ಫಿಸಿಕ್ಸ್. ಕಣ ಬಂದು ಬಡಿಯುತ್ತದೆ, ತಿರುಗಿ ಹೋಗುತ್ತದೆ, ಸಂವೇಗ ಬದಲಾಗುತ್ತದೆ. ಆ ಬಡಿತಗಳ ಒಟ್ಟು ಮೊತ್ತವೇ ಒತ್ತಡ. ಇದೇ ಲೆಕ್ಕ ಮುಂದುವರಿಸಿದರೆ ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲದ ಕಣಗಳ ಚಲನಶಕ್ತಿ ಸುಮಾರು 3.7 ಕಿಲೋಜೂಲ್. ಕಾರ್ಬನ್–ಕಾರ್ಬನ್ ಬಂಧ ಮುರಿಯಲು ಬೇಕಾದದ್ದು ಸುಮಾರು 350. ಮೇಜು, ಕುರ್ಚಿ, ನೀವು, ನಾನು ಸುಮ್ಮನೆ ಕೂತಲ್ಲೇ ಬಿಚ್ಚಿಹೋಗದೆ ಇರೋದು ಯಾಕೆ ಅಂತ ಈ ಎರಡು ಅಂಕಿಗಳೇ ಹೇಳ್ತಾವೆ.

ಐದು ಕಿಲೋದ ದೋಟಿ ಹದಿನೈದು ಕಿಲೋ ಆಗೋದು

ಈಗೀಗ ಮರ ಹತ್ತುವವರು ಕಡಿಮೆ. ನೆಲದಲ್ಲೇ ನಿಂತು ಉದ್ದದ ಕಾರ್ಬನ್ ಫೈಬರ್ ದೋಟಿಯಲ್ಲಿ ಮದ್ದು ಹೊಡೆಯೋದು, ಕೊನೆ ಇಳಿಸೋದು ಬಂದಿದೆ. ನಮ್ಮ ತೋಟಕ್ಕೆ ಬರುವ ಕೊನೆಗೌಡ ದೋಟಿ ಹಿಡಿಯುವಾಗ ಹೇಳಿದ್ದು: "ಓರೆ ಆದ್ರೆ ಕೈ ಸೋಲ್ತದೆ, ನೆಟ್ಟಗೆ ಇಟ್ಟರೆ ಭಾರವೇ ಇಲ್ಲ."

ಟಾರ್ಕ್ ಅನ್ನೋ ಪಾಠ ಇಷ್ಟೇ. ದೋಟಿ 5 ಕಿಲೋ, 18 ಮೀಟರ್ ಉದ್ದ ಅಂತಿಟ್ಟುಕೊಳ್ಳಿ. ಭಾರದ ನಡುಬಿಂದು 9 ಮೀಟರ್ ಮೇಲಿದೆ. ನೆಟ್ಟಗಿದ್ದಾಗ ಆ ಭಾರ ನೇರ ಬುಡಕ್ಕೆ ಇಳಿಯುತ್ತದೆ. 10 ಡಿಗ್ರಿ ವಾಲಿತು ಅನ್ನಿ, ನಡುಬಿಂದು ಒಂದೂವರೆ ಮೀಟರಿಗಿಂತ ತುಸು ಜಾಸ್ತಿ ಪಕ್ಕಕ್ಕೆ ಹೋಯ್ತು. ಬುಡ ನೆಲಕ್ಕೆ ಊರಿ, ಅರ್ಧ ಮೀಟರ್ ಮೇಲೆ ಕೈ ಹಿಡಿದಿದ್ದರೆ ಆ ಕೈಗೆ ಬೀಳೋದು ಹದಿನೈದು ಕಿಲೋಕ್ಕಿಂತ ಹೆಚ್ಚಿನ ಭಾರ. ದೋಟಿ ಅದೇ, ಬದಲಾದದ್ದು ಕೋನ.

ಇದಕ್ಕೂ ಕೆಮಿಸ್ಟ್ರಿಗೂ ಏನು ಸಂಬಂಧ? ಡೈಪೋಲ್ ಮೊಮೆಂಟ್! ಅಲ್ಲಿ ಬಲ ಗುಣಿಸು ದೂರ, ಇಲ್ಲಿ ಆವೇಶ ಗುಣಿಸು ದೂರ. ನೀರಿನ ಅಣು ಒಂದು ಪುಟಾಣಿ ದೋಟಿ, ಒಂದು ತುದಿ ತುಸು ಪ್ಲಸ್, ಇನ್ನೊಂದು ತುಸು ಮೈನಸ್. ವಿದ್ಯುತ್ ಕ್ಷೇತ್ರದಲ್ಲಿ ಅದು ಓರೆಯಾಗಿ ನಿಂತರೆ ಅದರ ಮೇಲೂ ಟಾರ್ಕ್, ಅದೇ ಕೋನದ ಲೆಕ್ಕ. ಕ್ಷೇತ್ರದ ದಿಕ್ಕನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಬದಲಿಸುತ್ತಾ ಹೋದರೆ ನೀರಿನ ಅಣುಗಳು ಅದರ ಹಿಂದೆ ಹೊರಳಾಡಿ, ಪಕ್ಕದವಕ್ಕೆ ತಿಕ್ಕಾಡಿ ಬಿಸಿಯಾಗ್ತವೆ. ನಿಮ್ಮ ಆಫೀಸ್ ಪ್ಯಾಂಟ್ರಿಯ ಮೈಕ್ರೋವೇವ್ ಒಲೆಯಲ್ಲಿ ಮಧ್ಯಾಹ್ನದ ಅನ್ನ ಬಿಸಿಯಾಗೋದು ಹೀಗೆ.

ಮೈಲುತುತ್ತ ಯಾಕೆ ನೀಲಿ?

ಮೈಲುತುತ್ತದ ಹರಳನ್ನು ಬಿಸಿ ಮಾಡಿದರೆ ನೀರು ಹೋಗಿ ಬೆಳ್ಳಗಾಗ್ತದೆ. ನೀರು ಹಾಕಿದರೆ ಮತ್ತೆ ನೀಲಿ. ಹೈಸ್ಕೂಲಿನಲ್ಲಿ ಎಲ್ಲರೂ ನೋಡಿದ ಪ್ರಯೋಗ. ಯಾಕೆ ಅಂತ ಕೇಳಿದರೆ ಉತ್ತರ ಬೆಳಕಿನ ಪಾಠದಲ್ಲಿದೆ. ತಾಮ್ರದ ಅಯಾನಿನ ಸುತ್ತ ನೀರಿನ ಅಣುಗಳು ಕೂತಾಗ ಅದರ ಎಲೆಕ್ಟ್ರಾನಿನ ಮೆಟ್ಟಿಲುಗಳ ನಡುವೆ ಒಂದು ಅಂತರ ಆಗ್ತದೆ. ಆ ಅಂತರಕ್ಕೆ ಸರಿಹೊಂದೋದು ಕೆಂಪಿನ ಅಂಚಿನ ಬೆಳಕು, ಸುಮಾರು 800 ನ್ಯಾನೋಮೀಟರ್ ಸುತ್ತಮುತ್ತ. ಕೆಂಪನ್ನು ಅದು ನುಂಗಿತು, ಉಳಿದದ್ದು ನಮ್ಮ ಕಣ್ಣಿಗೆ ನೀಲಿ. ನೀರು ಹೋದರೆ ಮೆಟ್ಟಿಲಿನ ಅಂತರ ಬದಲಾಗಿ, ಬಣ್ಣವೂ ಹೋಗ್ತದೆ.

800 ನ್ಯಾನೋಮೀಟರಿನ ಒಂದು ಮೋಲ್ ಫೋಟಾನಿನ ಶಕ್ತಿಯೂ ಸುಮಾರು 150 ಕಿಲೋಜೂಲ್. ಕತ್ತಿಯ ಲೆಕ್ಕದ 150 ಇದಕ್ಕೆ ಹೊಂದಿದ್ದು ಕಾಕತಾಳೀಯ. ಆದರೆ ಬ್ಯಾಟರಿ, ನೀರಿನ ಎತ್ತರ, ಬೆಳಕಿನ ಬಣ್ಣ, ಬಂಧದ ಗಟ್ಟಿತನ ಎಲ್ಲವನ್ನೂ ಜೂಲ್ ಅನ್ನೋ ಒಂದೇ ತಕ್ಕಡಿಯಲ್ಲಿ ತೂಗಬಹುದು ಅನ್ನೋದು ಕಾಕತಾಳೀಯವಲ್ಲ. ನನಗೆ ಫಿಸಿಕ್ಸಿನ ಹೆದರಿಕೆ ಹೋದದ್ದು ಈ ತಕ್ಕಡಿ ಕೈಗೆ ಸಿಕ್ಕ ದಿನ.

ಗಡಿ ಹಾಕಿದವರು ನಾವು

ಎರಡು ವಿಷಯಗಳ ನಡುವಿನ ಬೇಲಿ ಟೈಮ್‌ಟೇಬಲ್‌ನಲ್ಲಿ ಎದ್ದು ಕಾಣ್ತದೆ, ಚರಿತ್ರೆಯಲ್ಲಿ ಅಷ್ಟಾಗಿ ಕಾಣೋದಿಲ್ಲ. ಮೇರಿ ಕ್ಯೂರಿಗೆ 1903ರಲ್ಲಿ ಫಿಸಿಕ್ಸ್ ನೊಬೆಲ್, 1911ರಲ್ಲಿ ಕೆಮಿಸ್ಟ್ರಿ ನೊಬೆಲ್. ಫಿಸಿಕ್ಸಿನವರೇ ಆದ ರುದರ್‌ಫರ್ಡ್‌ಗೆ 1908ರಲ್ಲಿ ಬಂದದ್ದು ಕೆಮಿಸ್ಟ್ರಿ ನೊಬೆಲ್. ಎನ್‌ಎಂಆರ್ ತಂತ್ರಕ್ಕೆ ಬ್ಲಾಕ್ ಮತ್ತು ಪರ್ಸೆಲ್ 1952ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದರು. ಅದನ್ನು ಬೆಳೆಸಿದ ರಿಚರ್ಡ್ ಅರ್ನ್ಸ್ಟ್ 1991ರಲ್ಲಿ ಕೆಮಿಸ್ಟ್ರಿಯದ್ದು ಪಡೆದರು.

ನಮ್ಮಲ್ಲೇ ನೋಡಿ. ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮಕ್ಕೆ 1930ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇವತ್ತು ಔಷಧದ ಪುಡಿ ಯಾವುದು ಅಂತ ಗುರುತಿಸಲು ರಾಮನ್ ಯಂತ್ರವನ್ನು ಬಳಸುವವರಲ್ಲಿ ಕೆಮಿಸ್ಟ್‌ಗಳೂ ಬೇಕಾದಷ್ಟಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಬಿ.ಎಸ್ಸಿ. ಮುಗಿಸಿದ ಸಿ.ಎನ್.ಆರ್. ರಾವ್ ಹೆಸರಾದದ್ದು ಘನವಸ್ತುಗಳ ಕೆಮಿಸ್ಟ್ರಿಯಲ್ಲಿ. ಅದು ಫಿಸಿಕ್ಸಿನ ಅಂಗಳಕ್ಕೆ ತಾಗಿಕೊಂಡೇ ಇರುವ ಮನೆ. 2011ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಪದವಿ ಕೋರ್ಸ್ ಶುರುಮಾಡಿದಾಗಲೂ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಎಲ್ಲ ಮೂಲ ವಿಜ್ಞಾನಗಳನ್ನು ಓದಬೇಕು ಅಂತಲೇ ಇಟ್ಟಿತು.

ಈ ಬೇಲಿ ಹೆಚ್ಚು ಕಾಡೋದು ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಓದಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಬರುವವರನ್ನು. ಪಿಯುಸಿ ಆದಮೇಲೆ ಫಿಸಿಕ್ಸ್ ಮುಟ್ಟಿರೋದಿಲ್ಲ, ಇಲ್ಲಿ ಕ್ವಾಂಟಂ ಮೆಕಾನಿಕ್ಸ್ ಬಾಗಿಲಲ್ಲೇ ನಿಂತಿರ್ತದೆ. ಸಿಎಸ್‌ಐಆರ್ ನೆಟ್ ಪರೀಕ್ಷೆಯ ಕೆಮಿಸ್ಟ್ರಿ ಪಠ್ಯದಲ್ಲೂ ಅದು ಇದೆ. ಅಂಥವರಿಗೆ ಮೂಲ ಫಿಸಿಕ್ಸನ್ನು ಒಂದು ರಜೆಯಲ್ಲಿ ಕೂತು ಓದಿಕೊಳ್ಳೋದು ದೊಡ್ಡ ಉಪಕಾರ.

ವೇಗೋತ್ಕರ್ಷದಿಂದ ಆಕ್ಸಿಲರೇಶನ್‌ಗೆ

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಗೋಡೆಯಿದೆ. ಹತ್ತನೇ ತರಗತಿಯ 'ವೇಗೋತ್ಕರ್ಷ', 'ದ್ರವ್ಯರಾಶಿ', 'ವಿಭವಾಂತರ' ಎಲ್ಲ ಪಿಯುಸಿಗೆ ಬರುವಾಗ ಇಂಗ್ಲಿಷಾಗಿ ಬದಲಾಗಿರ್ತವೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕಾಣ್ತದೆ. ನಾನು ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಮೂರು ಸಾಲು ಎಳೆದಿದ್ದೆ: ಇಂಗ್ಲಿಷ್ ಶಬ್ದ, ಕನ್ನಡ ಶಬ್ದ, ತೋಟದಲ್ಲಿ ಅದು ಕಾಣೋದು ಎಲ್ಲಿ. ಟಾರ್ಕ್ ಎದುರು 'ದೋಟಿ' ಅಂತಿತ್ತು. ವಿಭವಾಂತರದ ಎದುರು 'ಅಬ್ಬಿಗೂ ನಲ್ಲಿಗೂ ಇರೋ ಎತ್ತರ'. ಮೂರನೇ ಸಾಲು ತುಂಬಿದ ಶಬ್ದಗಳು ಪರೀಕ್ಷೆಯಲ್ಲಿ ಕೈಕೊಡಲಿಲ್ಲ.

ಆ ವರ್ಷದ ಫಲಿತಾಂಶ ಬಂದಾಗ ಫಿಸಿಕ್ಸಿನಲ್ಲಿ ರ‍್ಯಾಂಕ್ ಏನೂ ಬರಲಿಲ್ಲ. ಮೊದಲ ದರ್ಜೆಗೆ ಸಾಲುವಷ್ಟು ಬಂತು. ಧಾರವಾಡದ ಬಾಗಿಲು ಮುಚ್ಚಲಿಲ್ಲ. 'ಬೇರೆ ಎಂತಾದ್ರೂ' ಅನ್ನೋ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ಓದ್ತಿರೋರಿಗೆ

ತಮ್ಮನೋ ತಂಗಿಯೋ ಈ ಹೊಳೆಯ ನಡುವೆ ನಿಂತಿದ್ದರೆ ಇಷ್ಟನ್ನು ಕಳಿಸಿ.

• ನಿಮ್ಮ ಕೆಮಿಸ್ಟ್ರಿ ನೋಟ್ಸಿನಿಂದ ಹತ್ತು ಶಬ್ದ ಆರಿಸಿ. ಪ್ರತಿಯೊಂದರ ಅರ್ಥವನ್ನು ಫಿಸಿಕ್ಸ್ ಪುಸ್ತಕದಲ್ಲಿ ಹುಡುಕಿ ಓದಿ. ಪಿಯುಸಿಯ ಎನ್‌ಸಿಇಆರ್‌ಟಿ ಪುಸ್ತಕ ಸಾಕು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗ್ತದೆ.

• ಯೂನಿಟ್ ಬರೆಯದೆ ಒಂದು ಸಾಲೂ ಬರೆಯಬೇಡಿ. ಕೂಲಂಬ್ ಗುಣಿಸು ವೋಲ್ಟ್ ಜೂಲ್ ಆಗದಿದ್ದರೆ ಎಲ್ಲೋ ತಪ್ಪಿದೆ ಅಂತ ಪುಸ್ತಕವೇ ಹೇಳಿಕೊಟ್ಟ ಹಾಗೆ.

• ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಹತ್ತರ ಲೆಕ್ಕದಲ್ಲೋ ಸಾವಿರದ ಲೆಕ್ಕದಲ್ಲೋ ಅಂತ ಅಂದಾಜು ಮಾಡಿ. ಕೆಲಸದಲ್ಲೂ ಈ ಅಭ್ಯಾಸ ಉಳಿತಾಯ ಮಾಡ್ತದೆ.

• ಸೂತ್ರಕ್ಕಿಂತ ಮೊದಲು ಚಿತ್ರ ಬಿಡಿಸಿ. ಯಾವುದು ಯಾವುದನ್ನು ಯಾವ ಕಡೆಗೆ ತಳ್ಳುತ್ತಿದೆ ಅಂತ ಬಾಣ ಹಾಕಿ.

• ಸಮಯ ಕಡಿಮೆ ಇದ್ದರೆ ಕ್ರಮ ಹೀಗಿರಲಿ: ಬಲ ಮತ್ತು ಸಂವೇಗ, ಶಕ್ತಿ, ಸ್ಪ್ರಿಂಗಿನ ಆಂದೋಲನ, ಆವೇಶ ಮತ್ತು ವಿಭವ, ತರಂಗ. ಸ್ಪ್ರಿಂಗ್ ಪಾಠವನ್ನು ಮಾತ್ರ ಬಿಡಲೇಬೇಡಿ. ಐಆರ್ ಸ್ಪೆಕ್ಟ್ರಮ್ ಅಂದ್ರೆ ಬಂಧಗಳೆಂಬ ಸ್ಪ್ರಿಂಗುಗಳ ಕುಣಿತ. ಹೈಡ್ರೋಜನ್ ಜಾಗಕ್ಕೆ ಅದರ ಎರಡರಷ್ಟು ತೂಕದ ಡ್ಯೂಟೀರಿಯಂ ಬಂದರೆ ಕುಣಿತ ನಿಧಾನ ಆಗೋದು ಯಾಕೆ ಅಂತ ಆ ಒಂದೇ ಪಾಠ ಹೇಳ್ತದೆ.

• ಎರಡು ಭಾಷೆಯ ಶಬ್ದಪಟ್ಟಿ ಇಟ್ಟುಕೊಳ್ಳಿ. ಮೂರನೇ ಸಾಲಿಗೆ ನಿಮ್ಮ ಮನೆ, ಅಂಗಡಿ, ಗದ್ದೆ, ಗ್ಯಾರೇಜ್ ಯಾವುದಾದರೂ ಸರಿ.

ಪರೀಕ್ಷೆಗೆ ಇನ್ನೆರಡು ತಿಂಗಳು ಇದೆ ಅಂದ್ರೆ ಮೊದಲ ವಾರವನ್ನು ಬರೀ ಯೂನಿಟ್ ಮತ್ತು ಶಬ್ದಪಟ್ಟಿಗೆ ಕೊಡಿ. ಆ ಒಂದು ವಾರ ಮುಂದಿನ ಏಳು ವಾರಗಳ ಓದನ್ನು ಹಗುರ ಮಾಡ್ತದೆ. ಓರೆಯಾಗದ ದೋಟಿ ಕೈಗೆ ಭಾರ ಆಗೋದಿಲ್ಲ.